ಶಾಸ್ತ್ರ ಉಳಿಸಿದ ಈಚಲ ಬೆಲ್ಲ

ಕುರುಗೋಡು
ಸೋಮವಾರ, ೧೯೪೪

ತೆಕ್ಕಲಕೋಟೆಯ ಅಕ್ಕ ಪಕ್ಕೀರಮ್ಮನಿಗೆ ತಮ್ಮ ಮಾರೆಣ್ಣನ ನಮಸ್ಕಾರ.

ಊರೂರಿಗೆ ಡಂಗುರ ಹೊಡೆಸಬೇಕಾದ ಮಹಾಸುದ್ದಿ ಒಂದಿದೆ: ನಮ್ಮ ಮನೆಯ ಸಕ್ಕರೆ ಡಬ್ಬಿ ಖಾಲಿಯಾಗಿದೆ! ಮಗಳು ಗಂಗಿಯ ನಿಶ್ಚಯಕ್ಕೆಂದು ನನ್ನ ಹೆಂಡತಿ ಹನುಮಮ್ಮ ರೇಷನ್ ಸಕ್ಕರೆಯನ್ನು ಎರಡು ತಿಂಗಳು ಕೂಡಿಟ್ಟಿದ್ದಳು. ಅದೆಲ್ಲ ಗಂಡನ ಚಹದ ಲೋಟಕ್ಕೆ ಇಳಿದಿದೆಯೆಂಬುದು ಅವಳಿಗೆ ತಿಳಿದದ್ದು, ಗಂಡಿನ ಕಡೆಯವರು ಸಿರುಗುಪ್ಪದಿಂದ ಬಂದು ಕಂಬಳಿಯ ಮೇಲೆ ಕೂತ ಮೇಲೆಯೇ.

ಹಿರಿಯರ ಬಾಯಿಗೆ ಸಕ್ಕರೆ ಬೀಳದೆ ಸಂಬಂಧ ಗಟ್ಟಿಯಾಗುವುದಿಲ್ಲ, ನಿನಗೆ ಗೊತ್ತೇ ಇದೆ. ಗಂಡಿನ ಅಜ್ಜ ಮೂಕಪ್ಪ ರುಮಾಲು ಸುತ್ತಿಕೊಂಡು ಎದ್ದೇಬಿಟ್ಟರು. "ಸಕ್ರಿ ಇಲ್ಲದ ಇದೆಂಥಾ ಮಾತುಕತಿ? ಗಾಡಿ ಕಟ್ರಿ!" ಒಳಗೆ ಗಂಗಿ ಅಳತೊಡಗಿದಳು.

ಆಗ ಹನುಮಮ್ಮ ಅಟ್ಟದಿಂದ ನಿನ್ನ ಮಡಿಕೆ ಇಳಿಸಿದಳು. ಈಚಲ ಮರದ ನೀರಾ ಕಾಯಿಸಿ ನೀನು ಬೆಲ್ಲ ಮಾಡಿ ಕಳಿಸಿದಾಗ, ಕರಿ ಹೆಂಟೆ ಬಂದಿದೆಯೆಂದು ನಾನು ನಗೆಯಾಡಿದ್ದೆನಲ್ಲ, ಅದೇ ಮಡಿಕೆ.

"ಇದೂ ಗಿಡದಾಗ ಹುಟ್ಟಿದ ಸಿಹೀನ ಐತಿ ಯಜ್ಜಾ. ಇದಕ್ಕ ರೇಷನ್ ಚೀಟಿ ಇಲ್ಲ, ಅಷ್ಟ!" ಎಂದು ಅಜ್ಜನ ಬಾಯಿಗೆ ಒಂದು ಚೂರು ಇಟ್ಟಳು.

ಅಜ್ಜ ಚಪ್ಪರಿಸಿದರು, ಕೂತರು, ಮತ್ತೆ ಕೈ ಚಾಚಿದರು. "ಇನ್ನೊಂದು ಚೂರು ಕೊಡವ್ವ. ಲಗ್ನ ಯಾವಾಗ ಇಟ್ಕೊಳ್ಳೋಣು?"

ಅಕ್ಕ, ನಿನ್ನ ಬೆಲ್ಲವನ್ನು ನೋಡಿ ನಕ್ಕ ಬಾಯಿ ನನ್ನದು; ನನ್ನ ಮಗಳ ಅಳು ನಿಲ್ಲಿಸಿದ್ದು ಅದೇ ಬೆಲ್ಲ. ಈ ಉಪಕಾರವನ್ನು ಬದುಕಿರುವತನಕ ಮರೆಯಲಾರೆ.

ಲಗ್ನಕ್ಕೆ ಬರುವಾಗ ಇನ್ನೊಂದು ಮಡಿಕೆ ತಾ. ಅದನ್ನು ಮಾತ್ರ ನನ್ನ ಕೈಗೆ ಕೊಡಬೇಡ, ನೇರವಾಗಿ ಹನುಮಮ್ಮನ ಕೈಗೇ ಕೊಡು.

ನಿನ್ನ ತಮ್ಮ,
ಮಾರೆಣ್ಣ