ಹೊಳೆವ್ವನ ನೆರಳಿಗೆ ಉಪ್ಪು ಹೇಳಿದ ದಿನ

ಗುಳೇದಗುಡ್ಡ,
ಕ್ರಿ.ಶ. ೨೨೧೪, ಶ್ರಾವಣದ ಮೂವತ್ಮೂರನೆಯ ದಿನ

ಚಿರಂಜೀವಿ ತುಂಗವ್ವನಿಗೆ ನಿನ್ನ ಮುತ್ತಜ್ಜ ಮೌನೇಶಪ್ಪನ ಆಶೀರ್ವಾದಗಳು.

ತಾರೀಖು ನೋಡಿ ನಗಬೇಡ, ಮಗಳೇ. ಒಂದು ಹದವಾದ ಮಳೆ ಬೀಳುವವರೆಗೂ ಶ್ರಾವಣವನ್ನು ಮುಗಿಸದೆ ಎಳೆಯುವುದು ನಮ್ಮ ಕಾಲದ ಪಂಚಾಂಗದವರ ಪದ್ಧತಿ. ಈ ವರ್ಷ ಮೋಡಗಳು ಗುಡ್ಡದ ಕೆಂಪು ಬಂಡೆಗಳ ಮೇಲೆ ಬಂದು ಕೂರುತ್ತವೆ, ತಮ್ಮತಮ್ಮಲ್ಲೇ ಮಾತಾಡಿಕೊಂಡು ಎದ್ದು ಹೋಗುತ್ತವೆ. ಹಾಗಾಗಿ ಶ್ರಾವಣ ಇನ್ನೂ ನಡೆದೇ ಇದೆ. ನೀನೀಗ ಐದು ತಿಂಗಳ ಕೂಸು. ಈ ಕಾಗದ ನಿನ್ನ ಕೈ ಸೇರುವುದು ನಿನಗೆ ಇಪ್ಪತ್ತು ತುಂಬಿದ ಮೇಲೆ. ಅಷ್ಟರಲ್ಲಿ ನಮ್ಮ ಮಾತುಗಳು ಸವೆದು ಹೋಗಿರಬಹುದು. ನಾನು ಶಾಲೆಗೆ ಹೋದವನಲ್ಲ, ರವಿಕೆಯ ಖಣ ಸುತ್ತಿ ಬರುತ್ತಿದ್ದ ಹಳೆಯ ಕಾಗದಗಳನ್ನು ಬಿಡಿಸಿ ಓದುತ್ತ ಅಕ್ಷರ ಕಲಿತವನು. ಎಲ್ಲಿಯಾದರೂ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸು. ತಿಳಿಯಲಾರದೆನಿಸಿದ ಕಡೆ ನಿಂತು ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಿನ್ನ ಎಡ ಮಣಿಕಟ್ಟಿನ ಚರ್ಮದ ಕೆಳಗೆ ಸಣ್ಣದೊಂದು ಕಾಳು ಇದೆ. ಅದಕ್ಕೆ ನಾವು ಎಳ್ಳು ಎನ್ನುತ್ತೇವೆ. ನಾಡಿ ಎಷ್ಟು ಬಡಿಯಿತು, ಮೈ ಎಷ್ಟು ಬಿಸಿಯಾಯಿತು, ರಕ್ತದ ಒತ್ತಡ ಎಷ್ಟು ಏರಿತು ಎಂಬುದನ್ನೆಲ್ಲ ಅದು ನೆರಳುಮನೆಗೆ ಕಳಿಸುತ್ತದೆ. ನೆರಳುಮನೆ ಎಂದರೆ ಊರ ನಡುವಿನ ತಂಪಾದ ಉದ್ದನೆಯ ಕಟ್ಟಡ. ಒಳಗೆ ಸಾಲುಸಾಲಾಗಿ ಗಾಜಿನ ತೊಟ್ಟಿಗಳು, ತೊಟ್ಟಿಯಲ್ಲಿ ನೀರು, ನೀರಿನಲ್ಲಿ ಬೆಳಕಿನಿಂದ ನೇಯ್ದ ಒಂದೊಂದು ಮೈ. ಅದೇ ನೆರಳು. ಊರಿನ ಪ್ರತಿಯೊಬ್ಬರಿಗೂ ಒಂದೊಂದು. ನಾವು ಉಸಿರೆಳೆದಾಗ ಅದೂ ಎಳೆಯುತ್ತದೆ, ನಾವು ಮಲಗಿದಾಗ ಅದರ ಬೆಳಕು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಯಾವ ಔಷಧವಾದರೂ ಮೊದಲು ನೆರಳಿಗೆ, ಆಮೇಲೆ ಮೈಗೆ. ವಾಂತಿ, ತುರಿಕೆ, ತಲೆಸುತ್ತು ಏನಿದ್ದರೂ ನಮ್ಮ ಬದಲು ಅದು ಅನುಭವಿಸಿ ನೋಡುತ್ತದೆ. ನನ್ನ ಅಜ್ಜಿಯ ಅಜ್ಜಿಯ ಕಾಲದಲ್ಲಿ ಜನ ಗುಳಿಗೆ ನುಂಗಿ, ಏನಾಗುತ್ತದೋ ಎಂದು ಗೋಡೆಗೊರಗಿ ಕಾಯುತ್ತಿದ್ದರಂತೆ. ಅವರ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಎಳ್ಳಿಗೆ ಎಷ್ಟು ಎಂಬುದು ಗೊತ್ತು, ಯಾಕೆ ಎಂಬುದು ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು. ಹೊತ್ತು ಮುಳುಗುವ ಮುಂಚೆ ಜನ ಬಂದು ಕಟ್ಟೆಯ ಮೇಲೆ ಕೂತು, ಉಂಡದ್ದು, ದಣಿದದ್ದು, ಅತ್ತದ್ದು ಎಲ್ಲವನ್ನೂ ನೆರಳುಗಾರನಿಗೆ ಒಪ್ಪಿಸುತ್ತಾರೆ. ಅವನು ತೊಟ್ಟಿಯ ಬಾಯಿಗೆ ಬಾಗಿ ಅದನ್ನು ನೆರಳಿಗೆ ಹೇಳುತ್ತಾನೆ. ನಲವತ್ತು ವರ್ಷ ಆ ಕೆಲಸ ಮಾಡಿದವನು ನಾನು. ಹೇಳದೆ ಬಿಟ್ಟ ಜಾಗವನ್ನು ನೆರಳು ಖಾಲಿ ಇಡುವುದಿಲ್ಲ, ತಾನೇ ಒಂದು ಕಾರಣ ಹುಟ್ಟಿಸಿ ನೇಯ್ದುಕೊಳ್ಳುತ್ತದೆ. ಇದನ್ನು ನಾನೇ ಎಷ್ಟೋ ಜನರಿಗೆ ಬೈದು ಹೇಳಿದ್ದೇನೆ.

ನಿನ್ನ ಮುತ್ತಜ್ಜಿ ಹೊಳೆವ್ವ ಖಣ ನೇಯುವವಳು. ಅವಳಿಗೆ ಕರಿಂಡಿ ಎಂದರೆ ಪ್ರಾಣ. ಅಗಸೆ, ಹಸಿಮೆಣಸು, ಮುಷ್ಟಿಗಟ್ಟಲೆ ಉಪ್ಪು ಸೇರಿಸಿ ಹುಳಿಬರಿಸಿದ ಉಪ್ಪಿನಕಾಯಿಯಂಥದ್ದು ಅದು. ಭರಣಿ ಕಟ್ಟಿದ ದಿನ ಮಗ್ಗದ ಕಾಲಿಗೆ ಒಂದು ಕೆಂಪು ದಾರ ಗಂಟು ಹಾಕುತ್ತಿದ್ದಳು, ಯಾವಾಗ ಹದಕ್ಕೆ ಬರುತ್ತದೆ ಎಂದು ತಿಳಿಯಲು. ಭರಣಿ ಖಾಲಿಯಾದರೂ ದಾರವನ್ನು ಬಿಚ್ಚುತ್ತಿರಲಿಲ್ಲ. ನಮ್ಮ ಮಗಳು ಕಸ್ತೂರಿ, ಅಂದರೆ ನಿನ್ನ ಅಜ್ಜಿ, ಮದುವೆಗೆ ಬಂದ ವರ್ಷ ಅದು. ಆಗೆಲ್ಲ ಗಂಡಿನ ಕಡೆಯವರು ಹುಡುಗಿಯನ್ನು ಆಮೇಲೆ ನೋಡುತ್ತಿದ್ದರು, ಮೊದಲು ಹುಡುಗಿಯ ತಾಯಿಯ ನೆರಳನ್ನು ನೋಡುತ್ತಿದ್ದರು. ತೊಟ್ಟಿಯ ನೀರು ತಿಳಿಯಾಗಿದ್ದರೆ ಒಳ್ಳೆಯ ಮನೆತನ, ಕದಡಿದ್ದರೆ ಚಹಾ ಕುಡಿದು ಎದ್ದು ಹೋಗುವುದು.

“ಇವತ್ತ ಕರಿಂಡಿ ಸುದ್ದಿ ತಗೀಬ್ಯಾಡ್ರಿ,” ಎಂದಳು ಹೊಳೆವ್ವ. “ರೊಟ್ಟಿ, ಸಪ್ಪನ ಬ್ಯಾಳಿ ಅಂತ ಹೇಳ್ರಿ. ಮಗಳ ಲಗ್ನ ಆಗೂತನಕ ನನ್ನ ನೆರಳು ಬಂಗಾರದಂಗ ಇರ್ಲಿ.”

“ನೆರಳಿಗೆ ಸುಳ್ಳ ಹೇಳ್ಲೇನು?”

“ಸುಳ್ಳ ಎಲ್ಲೈತ್ರೀ? ರೊಟ್ಟಿ ತಿಂದದ್ದು ಖರೇನ ಐತಿ. ಜೋಡಿ ಏನಿತ್ತು ಅಂತ ಅದೇನ ಎದ್ದು ಕೇಳತದೇನು?”

ನಕ್ಕೆವು, ಮಗಳೇ. ಕಸ್ತೂರಿಯ ಮದುವೆಯಾಯಿತು. ಬೀಗರಿಗೆ ತಿಳಿದರೆ ಏನೆಂದಾರು ಎಂಬ ಅಂಜಿಕೆಯಲ್ಲಿ ಆ ಅರ್ಧ ಮಾತು ಒಂಬತ್ತು ವರ್ಷ ನಡೆಯಿತು. ಅವಳ ಒತ್ತಡ ಏರುತ್ತ ಹೋಯಿತು. ಉಪ್ಪಿನ ಸುದ್ದಿಯೇ ಕೇಳದ ನೆರಳು, ಇವಳ ಮೂತ್ರಪಿಂಡಗಳು ಹುಟ್ಟಿನಿಂದಲೇ ಉಪ್ಪನ್ನು ಹಿಡಿದಿಡುವಂಥವು, ಇದು ವಂಶದ ಗುಣ ಎಂದು ತನ್ನೊಳಗೆ ನೇಯ್ದುಕೊಂಡಿತು. ಅದಕ್ಕೆ ತಕ್ಕ ಔಷಧ ಕೊಟ್ಟರು. ನೆರಳು ಅರಳಿತು. ಒಂದು ಮಧ್ಯಾಹ್ನ ಮಗ್ಗದ ಮುಂದೆ ಹೊಳೆವ್ವನ ಎಡಗೈ ಲಾಳಿಯನ್ನು ಬಿಟ್ಟಿತು. ಸಂಜೆಗೆ ಅವಳಿರಲಿಲ್ಲ.

ಸತ್ತವರ ನೆರಳನ್ನು ಹನ್ನೊಂದನೆಯ ದಿನ ಶಾಂತ ಮಾಡಬೇಕು, ಎಂದರೆ ಅದರ ಬೆಳಕು ಆರಿಸಬೇಕು. ನೂರಾರು ಜನರ ನೆರಳನ್ನು ಈ ಕೈಯಿಂದಲೇ ಶಾಂತ ಮಾಡಿದ್ದೆ. ಅವಳದನ್ನು ಆಗಲಿಲ್ಲ. ಹಿಂದಿನ ಸಾಲಿಗೆ ಸರಿಸಿಟ್ಟೆ. ಎಳ್ಳಿಲ್ಲದ ನೆರಳು ಹೇಳಿದ್ದನ್ನೇ ಉಂಡು ಬದುಕುತ್ತದೆ. ಹದಿನಾರು ವರ್ಷ, ದಿನಾಲೂ, ಅವಳು ಉಣ್ಣದ ಊಟವನ್ನು ಅವಳಿಗೆ ಹೇಳಿದೆ. ನೀರಿನಲ್ಲಿ ಅವಳ ಕೂದಲು ನನ್ನ ಜೊತೆಗೇ ಬೆಳ್ಳಗಾಯಿತು. ಕಿಟಕಿಯಿಂದ ಬಿಸಿಲು ಬಿದ್ದಾಗ ಅವಳ ಬೆಳಕು ಚಾವಣಿಯ ಮೇಲೆ ತೆರೆತೆರೆಯಾಗಿ ಆಡುತ್ತಿತ್ತು, ನಾನು ಅದರ ಕೆಳಗೆ ಅಂಗಾತ ಮಲಗುತ್ತಿದ್ದೆ. ನೆರಳುಮನೆಯ ಡಾಕ್ಟರ್ ನಸೀಮಾ ಅವರಿಗೆ ಗೊತ್ತಿತ್ತು. ಆ ಸಾಲಿನ ಮುಂದೆ ಹಾಯುವಾಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ನೀನು ಬಂದೆ. ಇಪ್ಪತ್ತು ದಿನಕ್ಕೆ ನಿನ್ನ ಮುಖ, ಕಾಲು ಬಾತವು, ಮೂತ್ರ ನಿಂತಿತು. ಕೂಸುಗಳ ನೆರಳು ವರ್ಷದವರೆಗೆ ಹಸಿ, ಅದರ ಮೇಲೆ ಔಷಧ ಪರೀಕ್ಷಿಸುವಂತಿಲ್ಲ. ತಾಯಿಯ ಕಡೆಯವರ ನೆರಳು ಬೇಕು. ನಸೀಮಾ ಅವರು ನಿನ್ನ ಅಜ್ಜಿ, ತಾಯಿಯ ನೆರಳುಗಳಲ್ಲಿ ಈ ದೋಷ ಕಾಣದೆ ಹಳೆಯವನ್ನೂ ಹುಡುಕಿ, ನಿನ್ನ ತಾಯಿ ಸುಗ್ಗಲಾಳನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: “ಅಜ್ಜಾರ, ಪುಣ್ಯಾಕ್ಕ ನೀವು ಹೊಳೆವ್ವಾರ ನೆರಳು ಉಳಿಸಿಕೊಂಡೀರಿ. ಇದು ಅವರಿಂದ ಬಂದ ಗುಣಾನ. ಅದರ ಮ್ಯಾಲೆ ಅಳತಿ ನೋಡಿ ಇವತ್ತ ಸಂಜೀಗೆ ಕೂಸಿಗೆ ಔಷಧ ಚಾಲೂ ಮಾಡ್ತೀನಿ.”

ವಂಶದ ಗುಣವಲ್ಲ ಅದು, ಕರಿಂಡಿ. ಆ ನೆರಳಿಗೆ ಹೊಂದಿದ ಔಷಧ ಅದರ ಒಡತಿಗೇ ಹೊಂದಿರಲಿಲ್ಲ, ನಿನಗೆ ಹೊಂದೀತೇ? ನಿಜ ಹೇಳಿದರೆ ನೆರಳು ಅವಳ ಮೈ ಹೋದ ದಾರಿಯನ್ನೇ ಹಿಡಿಯುತ್ತದೆ ಎಂದೂ ಗೊತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ, ತುಂಗವ್ವ. ಆ ಒಂದು ಕ್ಷಣಕ್ಕಾಗಿ ನಿನ್ನ ಕ್ಷಮೆ ಕೇಳುತ್ತಿದ್ದೇನೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಸುಗ್ಗಲಾ ನನ್ನ ಮುಖ ನೋಡಲಿಲ್ಲ. “ಇಪ್ಪತ್ತೈದು ವರ್ಷ ಹೆಂಗ ನುಂಗಿಕೊಂಡಿದ್ದಿ, ಅಜ್ಜಾ?” ಎಂದಳಷ್ಟೆ. ನಸೀಮಾ ಅವರು ಕನ್ನಡಕ ಒರೆಸಿ ಹಾಕಿಕೊಂಡರು. “ಬೈಯೂದು ನಾಳೆ ಬೈತೀನ್ರಿ. ಈಗ ಎಷ್ಟು ಭರಣಿ ಅಂತ ನೆನಪೈತೇನು?”

ನೆನಪು ಬೇಕಿರಲಿಲ್ಲ. ಸುಗ್ಗಲಾ ಮನೆಗೆ ಓಡಿ ಮಗ್ಗದ ಕಾಲನ್ನೇ ಬಿಚ್ಚಿ ಹೊತ್ತು ತಂದಳು. ಕಸ್ತೂರಿಯ ಮದುವೆಯ ವರ್ಷದಿಂದ ಈಚೆಗೆ ಕಟ್ಟಿದ್ದು ನೂರಾ ಹನ್ನೊಂದು ದಾರ. ಅವಳು ಕೆಳಗಿನಿಂದ ಒಂದೊಂದೇ ಗಂಟು ಬಿಚ್ಚಿದಳು, ನಾನು ತೊಟ್ಟಿಗೆ ಬಾಗಿ “ಕರಿಂಡಿ, ಒಂದು ಭರಣಿ” ಎಂದು ಹೇಳುತ್ತ ಹೋದೆ. ಮೊದಲ ದಾರಕ್ಕೇ ಹದಿನಾರು ವರ್ಷದ ಸುಳ್ಳು ಊಟ ಕರಗಿ, ಹೊಳೆವ್ವನ ಕೂದಲು ಕಪ್ಪಾಯಿತು. ಮಗಳ ಮದುವೆಗೆ ಓಡಾಡಿದ ಹೊಳೆವ್ವ ನನ್ನ ಮುಂದೆ ನೀರಿನಲ್ಲಿ ಮಲಗಿದ್ದಳು. ಆಮೇಲೆ ದಾರದಿಂದ ದಾರಕ್ಕೆ ಅವಳ ಬೆಳಕು ಕೆಂಪಗಾಯಿತು, ನೀರು ಕದಡಿತು. ಸುಳ್ಳಿನಿಂದ ನೇಯ್ದ ಮೂತ್ರಪಿಂಡಗಳು ಬಿಚ್ಚಿಹೋಗಿ, ಅವಳ ನಿಜವಾದವು ಕಾಣಿಸಿಕೊಂಡವು. ನಿನ್ನವುಗಳಂತೆ ಸಣ್ಣವು, ನಿಧಾನದವು. ಅವಳಿಂದ ನಿನಗೆ ಬಂದದ್ದು ಆ ಸಣ್ಣ ಗಾತ್ರ ಮಾತ್ರ.

ಕೊನೆಯ ದಾರಕ್ಕೆ ಸುಗ್ಗಲಾ ಕೈ ಹಾಕಿದಾಗ ನಸೀಮಾ ಅವರು ತಡೆದರು. “ಇಲ್ಲೇ ನಿಲ್ಲಸು, ತಂಗಿ.” ಇನ್ನೂ ಉಸಿರಾಡುತ್ತಿದ್ದ ಆ ನಿಜದ ನೆರಳಿಗೆ ಔಷಧ ಕೊಟ್ಟು ನೋಡಿದರು. ಮೊದಲು ಎಣಿಸಿದ್ದ ಅಳತೆಗೆ ಅದು ಸುಟ್ಟ ಹಾಳೆಯಂತೆ ಮುದುಡಿತು. ತೊಳೆದು, ಕಾಲು ಭಾಗ ಕೊಟ್ಟರು. ನೆರಳು ಮೆಲ್ಲಗೆ ಕೈಕಾಲು ಸಡಿಲಿಸಿತು. ಆ ಕಾಲು ಭಾಗದ ಲೆಕ್ಕದಲ್ಲೇ ನಿನಗೆ ಸಂಜೆ ಔಷಧ ಹಾಕಿದರು. ಮರುದಿನ ಬೆಳಿಗ್ಗೆ ನೀನು ನಿನ್ನ ತಾಯಿಯ ಸೀರೆ ಒದ್ದೆ ಮಾಡಿದೆ. ಊರಿನಲ್ಲಿ ಯಾರ ಮನೆಯಲ್ಲೂ ಒದ್ದೆ ಸೀರೆಗೆ ಅಷ್ಟು ಹಿಗ್ಗಿರಲಿಕ್ಕಿಲ್ಲ.

ಕೊನೆಯ ದಾರ ಉಳಿದಿತ್ತು. “ನಿಮ್ಮ ಇಷ್ಟಾರಿ,” ಎಂದರು ನಸೀಮಾ. ಬಿಚ್ಚದಿದ್ದರೆ ಹೊಳೆವ್ವ ಹಾಗೆಯೇ ಇರುತ್ತಿದ್ದಳು. ಎರಡು ದಿನ ಅವಳ ಪಕ್ಕ ಕೂತೆ. ಮೂರನೆಯ ದಿನ ನಾನೇ ಬಿಚ್ಚಿದೆ. ಆ ಮಧ್ಯಾಹ್ನ ಅವಳು ಉಂಡದ್ದನ್ನು ಉಂಡ ಹಾಗೇ ಹೇಳಿದೆ: ಒಂದೂವರೆ ರೊಟ್ಟಿ, ಕರಿಂಡಿ, ನನ್ನ ತಾಟಿನಿಂದ ಇನ್ನಷ್ಟು ಕರಿಂಡಿ. ಎಡಗೈಯ ಬೆಳಕು ಮೊದಲು ಹೋಯಿತು. ನೀರು ತಿಳಿಯಾಯಿತು.

ನೆರಳುಗಾರನ ಕೆಲಸ ನನ್ನಿಂದ ಹೋಯಿತು, ಹೋಗಬೇಕಾದದ್ದೇ. ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಕೂತಿದ್ದವನಿಗೆ ಕಸ್ತೂರಿಯ ಅತ್ತೆಯೇ ಬಂದು, “ಬೀಗರ, ನಮ್ಮ ಕಡಿಂದನೂ ಬೆಲ್ಲದ ಸುದ್ದಿ ಒಂದೀಟು ಹೇಳದ ಉಳದೈತ್ರಿ,” ಎಂದರು. ಮರುದಿನದಿಂದ ನೆರಳುಮನೆಯ ಮುಂದೆ ಸಾಲು. ಒಬ್ಬರಿಗೆ ತಂಬಾಕು, ಒಬ್ಬರಿಗೆ ನಿದ್ದೆ, ಒಬ್ಬಳಿಗೆ ಹತ್ತು ವರ್ಷ ಯಾರಿಗೂ ಹೇಳದ ಅಳು. ಈಗ ಊರಿನ ತೊಟ್ಟಿಗಳೆಲ್ಲ ಸ್ವಲ್ಪ ಕದಡಿವೆ. ನೆರಳು ನೋಡಿ ಹೆಣ್ಣು ಕೇಳುವವರು ಈ ವರ್ಷ ಯಾರೂ ಬಂದಿಲ್ಲ.

ಆ ಕೊನೆಯ ದಾರ ಈ ಕಾಗದದೊಳಗಿದೆ. ನಿನ್ನ ಕಾಲದಲ್ಲಿ ಇನ್ನೂ ಎಂಥೆಂಥ ಯಂತ್ರಗಳು ಬಂದಿರುತ್ತವೋ, ಅವು ಕೇಳುವುದು ಕಾಯಿಲೆಯನ್ನೋ ಕನಸನ್ನೋ, ನಾನು ಕಾಣೆ. ಯಾವುದೇ ಕೇಳಲಿ, ಉಂಡದ್ದನ್ನು ಉಂಡ ಹಾಗೇ ಹೇಳು, ಮಗಳೇ. ಪ್ರೀತಿಗೆಂದು ಮುಚ್ಚಿಟ್ಟದ್ದನ್ನು ಮೊದಲು ಹೇಳು.

ನನ್ನದನ್ನೂ ಹೇಳಿ ಮುಗಿಸುತ್ತೇನೆ. ಇವತ್ತು ಮಧ್ಯಾಹ್ನ ನಿನ್ನ ಮುತ್ತಜ್ಜ ಉಂಡದ್ದು ಎರಡು ರೊಟ್ಟಿ, ಪುಂಡಿಪಲ್ಯ, ಮತ್ತು ಒಂದು ಚಮಚ ಕರಿಂಡಿ. ನಿನ್ನ ತಾಯಿಗೆ ಆಗಲೇ ಹೇಳಿದ್ದೇನೆ, ಬೈಸಿಕೊಂಡೂ ಆಗಿದೆ.