ಇನ್ನೊಂದು ಸೌಟು

ಜನವರಿ 11, ಶನಿವಾರ

ಮತ್ತೆ ತೀರ್ಥಹಳ್ಳಿ. ಅದೇ ಬಸ್ಸು, ಅದೇ ಕಿಟಕಿ ಸೀಟು. ಅಲ್ಲಿ ಬೇರೆಯವರು ಕೂತಿದ್ದರೆ ಮೊಮ್ಮಗಳು ಸುಮನಾ ಹೊಸನಗರದಿಂದ ನಿಂತೇ ಬರುತ್ತಾಳೆ. ಇವತ್ತು ಒಬ್ಬ ಕೂತಿದ್ದ. ಎಬ್ಬಿಸಿದೆ. ಸುಮನಾ ಕಿವಿ ಮುಚ್ಚಿಕೊಂಡಳು. ಅವನ ಮಾತಿಗಲ್ಲ, ನನ್ನ ಕೂಗಿಗೆ.

ಸೊಸೆ ಪ್ರತಿಮಾಗೆ ಸಾಗರದ ಬಟ್ಟೆ ಅಂಗಡಿಯಲ್ಲಿ ಕೆಲಸ, ಶನಿವಾರ ರಜೆ ಇಲ್ಲ. ಹಾಗಾಗಿ ಕ್ಲಾಸಿಗೆ ಕರೆದೊಯ್ಯುವುದು ನಾನೇ. ವಾಗ್ದೇವಿ ಮೇಡಂ ಕ್ಲಾಸು ಮಹಡಿ ಮೇಲೆ. ನನ್ನ ಮೊಣಕಾಲಿಗೆ ಕೇಡು. ಸುಮನಾಳ ಹಾಗೆಯೇ ಆಟಿಸಂ ಇರುವ ಹುಡುಗ ಹುಡುಗಿಯರು ಬರುತ್ತಾರೆ. ಮಾತು ಶುರು ಮಾಡುವುದು, ಸರದಿ ಕಾಯುವುದು, ಗಲಾಟೆ ತಡೆಯದಿದ್ದರೆ ಬಾಯಿ ಬಿಟ್ಟು ಹೇಳುವುದು... ಇದಕ್ಕೆಲ್ಲ ಟ್ಯೂಷನ್!

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲ್ ನಡೆಸಿ ಇಡೀ ತಾಲ್ಲೂಕಿನ ಜೊತೆ ಮಾತಾಡಿದ್ದೇನೆ. ಮೇಡಂಗೆ ಹಾಗೇ ಅಂದೆ.

"ಗೊತ್ತು ಶೇಷಮ್ಮ. ಈಗ್ಲೂ ಕೆಳಗಿನ ರಸ್ತೆವರೆಗೆ ಕೇಳ್ತಿದೆ."

ಹುಡುಗರೆಲ್ಲ ನಕ್ಕರು. ಸುಮನಾನೂ!

ಜನವರಿ 18, ಶನಿವಾರ

ಮೇಡಂ ಸುಮನಾಳನ್ನು ಯೋಗರಾಜ್ ಮೆಸ್ಸಿಗೆ ಬಡಿಸಲು ಹಚ್ಚಿದ್ದಾರೆ. ಸದ್ಯಕ್ಕೆ ಶನಿವಾರ ಮಾತ್ರ. ಸರಿ ಹೋದರೆ ದಿನಾ ಕೆಲಸ. ಹತ್ತೊಂಬತ್ತು ತುಂಬಿತು, ಇದುವರೆಗೆ ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. "ನಂಗೆ ಈ ಕೆಲ್ಸ ಬೇಕು" ಎಂದು ತಾನೇ ಹೇಳಿದಳಂತೆ. ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಬಾಗಿಲಲ್ಲಿ ನಿಂತು ನೋಡಿದೆ. ಒಂದು ಹನಿ ಚೆಲ್ಲುವುದಿಲ್ಲ. ಆದರೆ ಉಣ್ಣುವವರು "ಬೇಡ" ಅಂದರೆ ಮುಂದೆ ಹೋಗಿಬಿಡುತ್ತಾಳೆ! ಒಬ್ಬರು ಬರೀ ಎಲೆ ಮುಂದೆ ಕೂತು ಅತ್ತಿತ್ತ ನೋಡಿದರು. "ಎಂಥ ಮಾರಾಯ್ರೆ, ನಿಮ್ಮಲ್ಲಿ ಎರಡನೇ ಸಲ ಕೇಳೋ ಪದ್ಧತಿನೇ ಇಲ್ವಾ?" ಗಲ್ಲಾದಲ್ಲಿ ಕೂತಿದ್ದ ಯೋಗರಾಜ್ ನಕ್ಕ. ನಗು ಬಾಯಲ್ಲಿ ಮಾತ್ರ ಇತ್ತು.

ಬಸ್ಸಿನಲ್ಲಿ ಕೇಳಿದೆ. "ಯಾಕೆ ಬಿಟ್ಟು ಹೋದೆ?"

"ಬೇಡ ಅಂದ್ರು."

"ಸಂಕೋಚಕ್ಕೆ ಅಂತಾರೆ ಕಣೆ! ಕೇಳಿದ ತಕ್ಷಣ ಹಾಕು ಅಂದ್ರೆ ಹೊಟ್ಟೆಬಾಕ ಅನ್ನಲ್ವಾ?"

"ಬೇಕಿದ್ರೆ ಬೇಡ ಅಂತ ಯಾಕೆ ಹೇಳ್ಬೇಕು?"

ಬೈದೆ.

ಜನವರಿ 22, ರಾತ್ರಿ ಊಟಕ್ಕೆ ಮುಂಚೆ

ನಾನೇ ಕಲಿಸುತ್ತಿದ್ದೇನೆ. ನಾನು ನೆಂಟಳು, ಅವಳು ಬಡಿಸುವವಳು. ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ. "ಬೇಡ ಅಂದ್ರೂ ಹಾಕು. ಬೆರಳ ಸಂದೀಲಿ ಹಾಕು. ಅದೇ ಉಪಚಾರ."

"ಎಲ್ಲರಿಗೂನಾ?"

"ಎಲ್ಲರಿಗೂ."

ಬೇಗ ಕಲಿತಳು. ಮೇಡಂಗೆ ಹೇಳಿಲ್ಲ. ಹೇಳುವುದೇನಿದೆ!

ಜನವರಿ 25, ಶನಿವಾರ

ಹಾಳಾಯಿತು.

ಪಾಯಸ ಇತ್ತು. ವಯಸ್ಸಾದ ಒಬ್ಬರು ಬೇಡ ಅಂದರು, ಶುಗರ್ ಇದೆ ಅಂದರು, ಎಲೆಗೆ ಕೈ ಅಡ್ಡ ಇಟ್ಟರು. ಇವಳು ಬೆರಳ ಸಂದಿಯಲ್ಲಿ ಹೊಯ್ದಳು. ಬಿಸಿ ಬಿಸಿ. ಅವರು ಕಿರುಚಿಕೊಂಡರು. ಪಾತ್ರೆ ಇವಳ ಕೈಯಿಂದ ಬಿತ್ತು. ಕೈ ತೊಳೆಯುವ ಬೇಸಿನ್ ಕೆಳಗೆ ಮುದುರಿ ಕೂತಳು, ಕಿವಿ ಮುಚ್ಚಿಕೊಂಡು.

ನಾನು ಒಳಗೆ ನುಗ್ಗಿ ಕೂಗಾಡಿದೆ. ಆ ಮುದುಕರಿಗೆ, ಯೋಗರಾಜ್‌ಗೆ, ನೋಡಲು ಬಂದಿದ್ದ ಮೇಡಂಗೆ. ಕೂಗಿದಷ್ಟೂ ಅವಳು ಇನ್ನಷ್ಟು ಮುದುರಿದಳು.

"ಶೇಷಮ್ಮ, ದಯವಿಟ್ಟು ಹೊರಗೆ ನಿಲ್ಲಿ." ಮೇಡಂ ಮೆಲ್ಲಗೆ ಅಂದರು. ನಿಂತೆ.

ವಾಪಸ್ ಬರುವಾಗ ಕಿಟಕಿ ಸೀಟು ಖಾಲಿ ಇತ್ತು. ಅವಳು ಕೂರಲಿಲ್ಲ. "ಎಲ್ಲರಿಗೂ ಅಂದೆ ನೀನು." ಅಷ್ಟೇ ಮಾತು.

ಫೆಬ್ರವರಿ 5

ಸುಮನಾ ನಾನಿದ್ದಲ್ಲಿ ಊಟಕ್ಕೂ ಬರುತ್ತಿಲ್ಲ. ಮೊನ್ನೆ ಶನಿವಾರ ಕ್ಲಾಸಿಗೂ ಹೋಗಲಿಲ್ಲ.

"ಅತ್ತೆ, ನೀವು ಹೇಳ್ಕೊಟ್ಟಿದ್ದಾ?" ಪ್ರತಿಮಾ ಕೇಳಿದಳು.

"ಹೂಂ."

ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಫೆಬ್ರವರಿ 8, ಶನಿವಾರ

ಒಬ್ಬಳೇ ತೀರ್ಥಹಳ್ಳಿಗೆ ಹೋಗಿ ಬಂದೆ. ಮೆಸ್ಸಿನಲ್ಲಿ ಮೇಡಂ ಕೂಡ ಇದ್ದರು. ತಪ್ಪು ಹುಡುಗಿಯದಲ್ಲ, ನನ್ನದು ಅಂದೆ.

ಯೋಗರಾಜ್: "ನಂಗೆ ಆವತ್ತೇ ಅನ್ನಿಸ್ತು ಅಜ್ಜಿ. ಹಿಂದೆ ನಿಮ್ ಹೋಟ್ಲಲ್ಲಿ ನಂಗೂ ಹಿಂಗೇ ಬಡಿಸಿದ್ರಿ. ಏಳೋಕೆ ಬಿಡ್ಲಿಲ್ಲ, ನನ್ ಬಸ್ ಹೋಯ್ತು."

ಮುಂದಿನ ಶನಿವಾರ ಕೊನೆಯದಾಗಿ ಒಮ್ಮೆ ಅವಳ ಕೆಲಸ ನೋಡುತ್ತಾನಂತೆ. ಮೇಡಂ ಒಂದು ದಾರಿ ಹೇಳಿದರು. ಎಲೆ ಹಾಕುವಾಗಲೇ ಸುಮನಾ ಎಲ್ಲರಿಗೂ ಹೇಳಿಬಿಡುವುದು: "ಒಂದೇ ಸಲ ಕೇಳ್ತೀನಿ. ಬೇಕಿದ್ರೆ ಬೇಕು ಅನ್ನಿ."

"ಜನ ಒಪ್ತಾರಾ?" ಎಂದೆ.

"ಜನಾನೂ ಸ್ವಲ್ಪ ಕಲೀಲಿ. ಮತ್ತೆ ಶೇಷಮ್ಮ, ಆವತ್ತು ನೀವು ಬಾಗಿಲಲ್ಲಿ ನಿಲ್ಲೋದು ಬೇಡ."

ಸುಮನಾಗೆ ಎಲ್ಲ ಹೇಳಿದೆ. ಮೆಲ್ಲಗೆ ಹೇಳಿದೆ. ಗೋಡೆ ನೋಡುತ್ತ ಕೇಳಿ, "ಹೋಗ್ತೀನಿ" ಅಂದಳು.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ

ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಅಜ್ಜಿ, ಬಸ್ ಸ್ಟ್ಯಾಂಡ್‌ವರೆಗೆ ನೀನು ಬರ್ತೀಯಾ?"

"ಬೇಡ, ನೀನೇ ಹೋಗು" ಅಂದೆ. ಇನ್ನೊಂದು ಸಲ ಕರೆಯುತ್ತಾಳೆ ಅಂತ ಚಪ್ಪಲಿ ಮೆಟ್ಟಿದೆ. ತಲೆ ಎತ್ತುವಷ್ಟರಲ್ಲಿ ಗೇಟು ದಾಟಿದ್ದಳು.

ಮಧ್ಯಾಹ್ನ

ಅಂಗಳ ಗುಡಿಸಿದೆ. ಮತ್ತೆ ಗುಡಿಸಿದೆ. ಗ್ಯಾಸಿನವನಿಗೆ ಸುಮ್ಮಸುಮ್ಮನೆ ಬೈದೆ. ಮೇಡಂ ಫೋನ್ ಎತ್ತುತ್ತಿಲ್ಲ. ಈಗ ಅಲ್ಲಿ ಪಂಕ್ತಿ ಕೂತಿರಬೇಕು. ಯಾರಾದರೂ ಕಿರುಚಿದರೆ? ಊಟ ಸೇರಲಿಲ್ಲ.

ಸಂಜೆ

ಬಂದಳು. ಒಬ್ಬಳೇ.

"ಸೀಟು ಸಿಕ್ತಾ?"

"ಒಬ್ರು ಕೂತಿದ್ರು. ಕೇಳ್ದೆ. ಬಿಟ್ರು."

ಕೇಳಿದಳಂತೆ!

"ಮೆಸ್ಸಲ್ಲಿ?"

"ಒಬ್ರು ಬೇಡ ಅಂದ್ರು. ನಾನು ಮುಂದೆ ಹೋದೆ. ಏ ಹುಡುಗಿ, ಬೇಕು ಬೇಕು ಅಂತ ಕರೆದ್ರು. ಎಲ್ಲ ನಕ್ಕರು. ಹಾಕ್ದೆ."

"ಯೋಗರಾಜ್ ಏನಂದ?"

"ಸೋಮವಾರದಿಂದ ದಿನಾ ಬಾ ಅಂದ್ರು."

ಒಳಗೆ ಹೋಗಿ ಇದನ್ನು ಬರೆಯಲು ಕೂತೆ. ಡಬ್ಬಿಯಲ್ಲಿ ಮೆಸ್ಸಿನ ಪಾಯಸ ತಂದಿದ್ದಾಳೆ. ಬಟ್ಟಲು, ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ.

"ಅಜ್ಜಿ, ಹಾಕ್ಲಾ? ಒಂದೇ ಸಲ ಕೇಳೋದು."

ಬೇಡ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಹಾಕು ಅಂದೆ. ಹಾಕಿದಳು. ಬೆಳಗಿನಿಂದ ಖಾಲಿ ಹೊಟ್ಟೆ, ಬಟ್ಟಲು ಆಗಲೇ ಬರಿದು. ಅವಳು ಹೊರಟಳು, ಎರಡನೇ ಸಲ ಕೇಳುವವಳಲ್ಲ. ನಾನೇ ಕರೆದು ಇನ್ನೊಂದು ಸೌಟು ಬೇಕು ಅಂದೆ.