ಮರದ ಮೇಲಿನ ಬಾಣಂತಿಯರ ಕುರಿತು ವೀಸಾ ಅಧಿಕಾರಿಗಳಿಗೆ

ಕೆಲಸದ ವೀಸಾ ಕೊಡುವ, ಒಮ್ಮೊಮ್ಮೆ ಕೊಡದಿರುವ ಮಾನ್ಯ ಅಧಿಕಾರಿಗಳೇ,

ನಾನು ಮಂಡ್ಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಿದವಳು, ಸೂಲಗಿತ್ತಿಯಲ್ಲ. ತಾವು ನನ್ನನ್ನು ಸೂಲಗಿತ್ತಿ ಎಂದು ತೀರ್ಮಾನಿಸಿ, ಆಮೇಲೆ ಆ ಸೂಲಗಿತ್ತಿಗೆ ನರ್ಸಿಂಗ್ ಪದವಿ ಇಲ್ಲವೆಂದು ವೀಸಾ ನಿರಾಕರಿಸಿದ್ದೀರಿ. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದ ತಮ್ಮ ಗುರಿಗೆ ಶರಣು.

ಆದದ್ದು ಇಷ್ಟು. ನಮ್ಮೂರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಮನೆ ಮುಂದಿನ ಹುಣಸೆ ಮರಕ್ಕೆ ವರ್ಷಾ ವರ್ಷ ಕೊಕ್ಕರೆಗಳು ಬಂದು ಮರಿ ಮಾಡುತ್ತವೆ. ನಮಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಮನೆಯಲ್ಲಿ ಯಾರೂ ಅವನ್ನು ಹಕ್ಕಿ ಎನ್ನುವುದಿಲ್ಲ. ಸಂದರ್ಶನದಲ್ಲಿ ತಾವು "ಅನುಭವವೇನು?" ಎಂದಾಗ ನನ್ನ ಬಾಯಿಗೆ ಬಂದದ್ದೂ ಅದೇ: "ತವರಿಗೆ ಬರುವ ಹೆಣ್ಣುಮಕ್ಕಳ ಬಾಣಂತನ, ಮರದಿಂದ ಬಿದ್ದ ಕೂಸುಗಳ ಆರೈಕೆ." ತಾವು ಗಂಭೀರವಾಗಿ ತಲೆಯಾಡಿಸಿದಿರಿ. ಮರದಿಂದ ಕೂಸು ಬಿದ್ದರೂ ತಮ್ಮ ಹುಬ್ಬು ಮೇಲೇಳಲಿಲ್ಲವಲ್ಲ! ಯಾವ ಬಸುರಿ ಮರ ಹತ್ತಿ ಹೆರುತ್ತಾಳೆ ಸ್ವಾಮಿ? ನನ್ನನ್ನು ಕೆಲಸಕ್ಕೆ ಕರೆದಿರುವುದು ತಮ್ಮ ದೇಶದ ಹಕ್ಕಿಧಾಮ. ಅಲ್ಲಿ ಸೂಲಗಿತ್ತಿಗೇನು ಕೆಲಸ ಎಂದಾದರೂ ಕೇಳಬಾರದಿತ್ತೇ?

ಪದವಿ ಪ್ರಾಣಿಶಾಸ್ತ್ರದ್ದು, ಅನುಭವ ಬಾಣಂತನದ್ದು, ಆದ್ದರಿಂದ ಯಾವ ವರ್ಗಕ್ಕೂ ಹೊಂದುವುದಿಲ್ಲ ಎಂದಿರಿ. ಜಾತಕ ಕೂಡಿಸುವ ನಮ್ಮ ಜೋಯಿಸರೂ ಇಷ್ಟು ಬಿಗಿಯಲ್ಲ. ಹೊಂದದಿದ್ದರೆ ಒಂದು ಶಾಂತಿ ಮಾಡಿಸಿ ಹೊಂದಿಸಿಬಿಡುತ್ತಾರೆ.

ವಿಷಯ ತಿಳಿದು ನನ್ನಜ್ಜಿ ಹೊಂಬಾಳಮ್ಮ ರೇಗಿದರು.

"ಕೊಕ್ಕರೆ ಅಂತ ಒಂದ್ಮಾತು ಅನ್ನಕ್ಕೆ ಏನಾಗಿತ್ತೇ ನಿಂಗೆ?"

"ಮನೆ ಮಕ್ಳನ್ನ ಅಂಗನ್ನಾದುಂಟಾ ಅಜ್ಜಿ?"

ಅಜ್ಜಿ ಹುಣಸೆ ಮರದತ್ತ ನೋಡಿದರು. "ಅದೂ ದಿಟ ಕಣಮ್ಮ. ಆ ಅಯ್ಯಂಗೆ ಎಣ್ಮಕ್ಳು ಇಲ್ವೇನೋ, ಬುಡು."

ಬಿಡಲು ನನಗೆ ಮನಸ್ಸಿಲ್ಲ. ನನಗೆ ಆ ಕೆಲಸ ಬೇಕು. ಕಾಲು ಮುರಿದು ಬಿದ್ದ ಮರಿಗೆ ನಾವಿಲ್ಲಿ ಬಿದಿರ ಸೀಳು ಕಟ್ಟಿ ಕಾಯುತ್ತೇವೆ. ಬದುಕುವುದಕ್ಕಿಂತ ಸಾಯುವುದೇ ಹೆಚ್ಚು. ಉಳಿಸುವ ವಿದ್ಯೆ ಅಲ್ಲಿದೆ. ಕಲಿತು ವಾಪಸ್ಸು ಬರುತ್ತೇನೆ. ಹಕ್ಕಿಧಾಮದವರು ಈ ತಿಂಗಳ ಕೊನೆಯವರೆಗೆ ಮಾತ್ರ ನನಗಾಗಿ ಕಾಯುತ್ತಾರಂತೆ.

ಆದ್ದರಿಂದ ನನ್ನನ್ನು ಮತ್ತೊಮ್ಮೆ ಕರೆಸಿ. ಈ ಸಲ ಹಕ್ಕಿಯನ್ನು ಹಕ್ಕಿ ಎಂದೇ ಹೇಳುತ್ತೇನೆ, ಅವುಗಳಿಗೆ ಕೇಳಿಸದಂತೆ ಮೆಲ್ಲಗೆ. ಅದೂ ಆಗದಿದ್ದರೆ ಸೂಲಗಿತ್ತಿಯರ ವರ್ಗದಲ್ಲೇ ವೀಸಾ ಕೊಡಿ, ಒಪ್ಪಿದೆ. ಹೆರಿಗೆಗಳು ಮಾತ್ರ ಮರದ ಮೇಲೆಯೇ ಆಗತಕ್ಕದ್ದು.

ಇಂತಿ,
ಬಂದ ಹೆಣ್ಣುಮಕ್ಕಳೆಲ್ಲ ಹಾರಿಹೋದ ಮೇಲೂ ತವರಲ್ಲೇ ಉಳಿದವಳು,
ರಂಜಿತ